ಓದಿಗೆ ಫಲದ ಆಸೆ ತೋರಿಸಬಹುದೇ?

ಶಾಲೆಗೆ ರಜೆ ಇರುವ ತಿಂಗಳುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಮಕ್ಕಳಿಗಾಗಿ ನಡೆಸುವ ಬೇಸಿಗೆ ಓದಿನ ಕಾರ್ಯಕ್ರಮಕ್ಕೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ರೂಪವಿದೆ. ಮಗು ಹೆಸರು ಬರೆಸುತ್ತದೆ. ಓದಿದ ಪುಸ್ತಕಗಳನ್ನೋ ಪುಟಗಳನ್ನೋ ನಿಮಿಷಗಳನ್ನೋ ಒಂದು ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತದೆ. ಗೊತ್ತುಪಡಿಸಿದ ಗುರಿ ಮುಟ್ಟಿದಾಗ ಬಹುಮಾನ ಪಡೆಯುತ್ತದೆ. ಆ ವರ್ಷಕ್ಕೆಂದು ಒಂದು ವಿಷಯವನ್ನು ಆರಿಸಿ, ಅದಕ್ಕೆ ಹೊಂದುವ ಪುಸ್ತಕಗಳ ಪಟ್ಟಿಯನ್ನು ಗ್ರಂಥಪಾಲಕರು ಸಿದ್ಧಪಡಿಸಿರುತ್ತಾರೆ. ಮೇಲುನೋಟಕ್ಕೆ ಇದು ಆಡಳಿತದ ಸಂಗತಿ. ಆದರೆ ಇದರೊಳಗೆ ಎರಡು ಹಳೆಯ ಪ್ರಶ್ನೆಗಳು ಅಡಗಿವೆ. ಓದಿನಿಂದ ಬೇರೆಯಾದ ಫಲವೊಂದರ ಆಸೆ ತೋರಿಸಿ ಓದಿಸುವುದು ಸರಿಯೇ? ಯಾರಿಗೆ ಯಾವ ಪುಸ್ತಕ ತಕ್ಕದ್ದೆಂದು ಹೇಳುವವರು ಯಾರು? ಮೊದಲನೆಯದು ಫಲದ ಪ್ರಶ್ನೆ, ಎರಡನೆಯದು ಅಧಿಕಾರದ ಪ್ರಶ್ನೆ. ಭಾರತೀಯ ಶಾಸ್ತ್ರಕಾರರು ಇವೆರಡನ್ನೂ ಅಧ್ಯಯನದ ಸಂದರ್ಭದಲ್ಲಿಯೇ ಎತ್ತಿ ಬಹಳ ಸೂಕ್ಷ್ಮವಾಗಿ ಚರ್ಚಿಸಿದ್ದಾರೆ.

ಈ ಪದ್ಧತಿಯ ಬೇರು ಹತ್ತೊಂಬತ್ತನೆಯ ಶತಮಾನದ ಕೊನೆಯ ಅಮೆರಿಕದಲ್ಲಿದೆ. ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಗ್ರಂಥಪಾಲಕಿಯಾಗಿದ್ದ ಕ್ಯಾರೊಲಿನ್ ಹ್ಯೂವಿನ್ಸ್ 1882ರಲ್ಲಿ ಮಕ್ಕಳಿಗೆ ತಕ್ಕ ಪುಸ್ತಕಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ಓಹಾಯೊದ ಕ್ಲೀವ್‌ಲ್ಯಾಂಡ್ ಗ್ರಂಥಾಲಯ 1897ರಲ್ಲಿ ಮಕ್ಕಳ ಸಂಘವೊಂದನ್ನು ಕಟ್ಟಿತು. ಪುಸ್ತಕವನ್ನು ಶುದ್ಧವಾದ ಕೈಯಿಂದ ಮುಟ್ಟಬೇಕೆಂಬುದೂ ಅದರ ನಿಯಮಗಳಲ್ಲಿ ಒಂದಾಗಿತ್ತು. ಪಟ್ಟಿ ಮತ್ತು ಸಂಘ ಎಂಬ ಈ ಎರಡು ಉಪಾಯಗಳು ಕೂಡಿ ಮುಂದಿನ ದಶಕಗಳಲ್ಲಿ ರಜೆಯ ಓದು ರೂಪುಗೊಂಡಿತು. ಬಹುಕಾಲ ಅದಕ್ಕೆ ಆಧಾರ ಗ್ರಂಥಪಾಲಕರ ಹುಮ್ಮಸ್ಸು ಮಾತ್ರ. 1978ರಲ್ಲಿ ಸಮಾಜಶಾಸ್ತ್ರಜ್ಞೆ ಬಾರ್ಬರಾ ಹೇನ್ಸ್ ಅಟ್ಲಾಂಟಾ ನಗರದ ಮಕ್ಕಳ ಅಧ್ಯಯನ ಪ್ರಕಟಿಸಿ, ರಜೆಯಲ್ಲಿ ಪುಸ್ತಕ ಓದುವ ಮಕ್ಕಳ ಕಲಿಕೆ ಮುಂದೆ ಸಾಗುತ್ತದೆಂದೂ ಅದರಲ್ಲಿ ಸಾರ್ವಜನಿಕ ಗ್ರಂಥಾಲಯದ ಪಾಲು ದೊಡ್ಡದೆಂದೂ ತೋರಿಸಿದ ಮೇಲೆ ಅದಕ್ಕೆ ವಿದ್ವತ್ತಿನ ಬೆಂಬಲವೂ ದೊರೆಯಿತು. 1987ರಲ್ಲಿ ಮಿನ್ನೆಸೋಟದ ಕೆಲವು ಗ್ರಂಥಾಲಯ ವ್ಯವಸ್ಥೆಗಳು ಸೇರಿ ಒಂದೇ ವಿಷಯ, ಒಂದೇ ಭಿತ್ತಿಚಿತ್ರ ಇಟ್ಟುಕೊಳ್ಳಲು ಒಪ್ಪಿದವು. ಆ ಒಕ್ಕೂಟ ಬೆಳೆದು ಇಂದು ಅಮೆರಿಕದ ಬಹುಪಾಲು ರಾಜ್ಯಗಳನ್ನು ಒಳಗೊಂಡಿದೆ. 2019ರಲ್ಲಿ, ಮನುಷ್ಯ ಚಂದ್ರನ ಮೇಲಿಳಿದು 50 ವರ್ಷವಾದಾಗ, ಅದರ ವಿಷಯ ಬಾಹ್ಯಾಕಾಶ, 2022ರಲ್ಲಿ ಸಮುದ್ರ. ಬ್ರಿಟನ್ನಿನಲ್ಲಿ 1999ರಿಂದ ನಡೆಯುತ್ತಿರುವ ಬೇಸಿಗೆ ಓದಿನ ಸವಾಲು ಆರು ಪುಸ್ತಕಗಳ ಗುರಿಯಿಂದ ಹೆಸರಾಯಿತು. ಓದುತ್ತ ಹೋದಂತೆ ಸ್ಟಿಕರ್, ಮುಗಿದಾಗ ಪ್ರಮಾಣಪತ್ರ ಮತ್ತು ಪದಕ.

ಓದಿದವರಿಗೆ ಫಲ ಹೇಳುವುದು ಕನ್ನಡದ ಓದುಗರಿಗೆ ಹೊಸದೇನೂ ಅಲ್ಲ. ಪುರಾಣದ ಅಧ್ಯಾಯ ಮುಗಿಯುವಲ್ಲಿ, ಸ್ತೋತ್ರದ ಕೊನೆಯಲ್ಲಿ, ವ್ರತಕಥೆಯ ತುದಿಯಲ್ಲಿ ಫಲಶ್ರುತಿ ಬರುತ್ತದೆ: ಇದನ್ನು ಓದಿದವರಿಗೆ, ಕೇಳಿದವರಿಗೆ ಸಂತಾನ, ಸಂಪತ್ತು, ಆರೋಗ್ಯ, ಪಾಪನಾಶ. ಕುಮಾರವ್ಯಾಸನಂಥ ಮಹಾಕವಿಯೂ ಭಾರತದ ಒಂದಕ್ಷರವನ್ನು ಆದರದಿಂದ ಕೇಳಿದವರಿಗೆ ಗಂಗಾಸ್ನಾನವೇ ಮೊದಲಾದ ಪುಣ್ಯಗಳು ಕೈಸೇರುತ್ತವೆಂದು ಕಾವ್ಯದ ಆರಂಭದಲ್ಲಿಯೇ ಭರವಸೆ ಕೊಡುತ್ತಾನೆ. ಒಂದಕ್ಷರಕ್ಕೆ ಅಷ್ಟು ಫಲವೆಂದರೆ ಯಾವ ಗ್ರಂಥಾಲಯದ ಬಹುಮಾನವೂ ಅದರ ಮುಂದೆ ನಿಲ್ಲದು. ಆ ಮಾತನ್ನು ನಂಬಿ ಕೇಳಲು ಕುಳಿತವರು ಗಮಕಿಯ ರಾಗಕ್ಕೆ, ಭೀಮನ ಸಿಟ್ಟಿಗೆ ಸೋತು ಪುಣ್ಯದ ಲೆಕ್ಕವನ್ನು ಮರೆತಿದ್ದರೆ ಅದನ್ನು ಕವಿಯ ಗೆಲುವೆಂದೇ ಎಣಿಸಬೇಕು.

ಶಾಸ್ತ್ರಕಾರರು ಮಾತ್ರ ಈ ಭರವಸೆಗಳನ್ನು ಹಾಗೆಯೇ ಒಪ್ಪಲಿಲ್ಲ. ಮೀಮಾಂಸಾದರ್ಶನದಲ್ಲಿ ಸ್ವಾಧ್ಯಾಯದ ವಿಧಿಯ ಬಗ್ಗೆ ಒಂದು ಪ್ರಸಿದ್ಧ ವಿಚಾರವಿದೆ. ತನ್ನ ಶಾಖೆಯ ವೇದವನ್ನು ಅಧ್ಯಯನ ಮಾಡಬೇಕೆಂದು ಶ್ರುತಿ ವಿಧಿಸುತ್ತದೆ. ಆದರೆ ಅದರಿಂದ ಏನು ದೊರೆಯುತ್ತದೆಂದು ಅಲ್ಲಿ ಹೇಳಿಲ್ಲ. ಫಲ ಹೇಳದ ಕರ್ಮಕ್ಕೆ ಸ್ವರ್ಗವೇ ಫಲವೆಂದು ಊಹಿಸಬೇಕೆಂಬುದು ವಿಶ್ವಜಿತ್ ಯಾಗದ ಸಂದರ್ಭದಲ್ಲಿ ಮೀಮಾಂಸಕರೇ ಮಾಡಿಕೊಂಡ ನಿಯಮ. ಹಾಗಾದರೆ ವೇದಾಧ್ಯಯನಕ್ಕೂ ಸ್ವರ್ಗವೇ ಫಲವೇ? ಅಲ್ಲ ಎಂಬುದು ಶಬರ ಮತ್ತು ಕುಮಾರಿಲರ ಮಾರ್ಗದ ತೀರ್ಮಾನ. ಕಣ್ಣಿಗೆ ಕಾಣುವ ಫಲವಿರುವಾಗ ಕಾಣದ ಫಲವನ್ನು ಕಲ್ಪಿಸಬಾರದು. ಅಧ್ಯಯನ ಮಾಡಿದವನಿಗೆ ಓದಿದ್ದರ ಅರ್ಥ ತಿಳಿಯುತ್ತದೆ, ಆ ತಿಳಿವೇ ಅದರ ದೃಷ್ಟಫಲ. ಸ್ವರ್ಗದಂಥ ಬಹುಮಾನ ಕೈಗೆಟಕುವಂತಿದ್ದರೂ ಅದನ್ನು ಪಕ್ಕಕ್ಕಿಟ್ಟು, ಓದಿನ ಫಲ ಅರಿವು ಎಂದು ಕರ್ಮನಿಷ್ಠರಾದ ಮೀಮಾಂಸಕರೇ ನಿರ್ಣಯಿಸಿದ್ದು ಗಮನಿಸತಕ್ಕ ಸಂಗತಿ. ಅರ್ಥ ತಿಳಿಯದೆ ವೇದ ಓದಿದವನು ಹೊರೆ ಹೊತ್ತ ಮೋಟುಮರ ಎಂಬ ಆಶಯದ ಮಾತನ್ನು ಯಾಸ್ಕ ತನ್ನ ನಿರುಕ್ತದಲ್ಲಿ ಇದಕ್ಕೂ ಬಹಳ ಹಿಂದೆಯೇ ಉದಾಹರಿಸಿದ್ದ. ಪುಟಗಳನ್ನೂ ನಿಮಿಷಗಳನ್ನೂ ಎಣಿಸುವ ಇಂದಿನ ಕಾರ್ಯಕ್ರಮಗಳಿಗೆ ಅದು ನೇರವಾಗಿ ತಾಗುತ್ತದೆ. ಎಣಿಕೆಗೆ ಸಿಗುವುದು ಹೊರೆಯ ತೂಕ ಮಾತ್ರ.

ಮೀಮಾಂಸಕರಲ್ಲಿಯೇ ಇನ್ನೊಂದು ಪಂಥದವರಾದ ಪ್ರಾಭಾಕರರು ಇನ್ನೂ ವಿಚಿತ್ರವಾದ ನಿಲುವು ತಳೆದರು. ಅವರ ಮತದಲ್ಲಿ ಅಧ್ಯಯನಕ್ಕೆ ಪ್ರೇರಣೆ ಅಧ್ಯಾಪನದ ವಿಧಿ. ಆಚಾರ್ಯನೆನಿಸಿಕೊಳ್ಳಬೇಕಾದವನು ಶಿಷ್ಯನಿಗೆ ಕಲಿಸಬೇಕು; ಅವನು ಕಲಿಸಬೇಕಾದ್ದರಿಂದ ಇವನು ಕಲಿಯುತ್ತಾನೆ. ಇದು ವಿಪರೀತ ತರ್ಕವೆಂದು ತೋರಬಹುದು. ಆದರೆ ಎಷ್ಟು ಮಕ್ಕಳು ಹೆಸರು ಬರೆಸಿದರು, ಎಷ್ಟು ಪುಸ್ತಕ ಹೊರಗೆ ಹೋದವು ಎಂಬ ಅಂಕಿಗಳನ್ನು ಅನುದಾನ ಕೊಡುವವರ ಮುಂದೆ ಇಡಬೇಕಾದ ಗ್ರಂಥಾಲಯಕ್ಕೆ ಮಕ್ಕಳ ಓದು ತನ್ನ ಅಸ್ತಿತ್ವದ ಅಗತ್ಯವೂ ಹೌದು. ಮಗುವಿಗೆ ತೋರಿಸುವ ಬಹುಮಾನದಲ್ಲಿ ಸಂಸ್ಥೆಯ ಗರಜೂ ಸ್ವಲ್ಪ ಬೆರೆತಿರುತ್ತದೆ ಎಂಬ ಅಂಶವನ್ನು ಪ್ರಾಭಾಕರರು ಅಚ್ಚರಿಯಿಲ್ಲದೆ ಒಪ್ಪುತ್ತಿದ್ದರು.

ಕಾರಣವಿಲ್ಲದೆಯೇ ಓದಬೇಕೆಂಬ ಆದರ್ಶವೂ ಪರಂಪರೆಯಲ್ಲಿದೆ. ಆರು ಅಂಗಗಳೊಡನೆ ವೇದವನ್ನು ನಿಷ್ಕಾರಣವಾಗಿ ಓದಿ ತಿಳಿಯುವುದು ಬ್ರಾಹ್ಮಣನ ಧರ್ಮವೆಂಬ ಆಗಮವಾಕ್ಯವನ್ನು ಪತಂಜಲಿ ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ಎತ್ತಿ ಹೇಳುತ್ತಾನೆ. ಸ್ವಾರಸ್ಯವೆಂದರೆ ಆ ವಾಕ್ಯ ಬರುವುದು ವ್ಯಾಕರಣ ಕಲಿಯುವುದರ ಪ್ರಯೋಜನಗಳನ್ನು ಅವನು ಪಟ್ಟಿ ಮಾಡುತ್ತಿರುವಾಗ. ಪಟ್ಟಿ ಏಕೆ ಬೇಕಾಯಿತೆಂಬುದಕ್ಕೂ ಅವನಲ್ಲಿ ಉತ್ತರವಿದೆ. ಹಿಂದೆ ಉಪನಯನವಾದೊಡನೆ ವ್ಯಾಕರಣ ಕಲಿಯುತ್ತಿದ್ದರು. ಈಗಿನವರು ಅವಸರದಿಂದ ವೇದ ಓದಿ ಮುಗಿಸಿ ವ್ಯಾಕರಣದಿಂದ ಏನೂ ಉಪಯೋಗವಿಲ್ಲ ಎನ್ನುತ್ತಾರೆ. ಹಾಗೆ ದಾರಿ ತಪ್ಪಿದ ಬುದ್ಧಿಯವರಿಗೆ ಆಚಾರ್ಯನು ಗೆಳೆಯನಾಗಿ ಪ್ರಯೋಜನಗಳನ್ನು ತಿಳಿಸಿಕೊಡುತ್ತಾನೆ. ಎರಡು ಸಾವಿರ ವರ್ಷಗಳ ಹಿಂದೆಯೂ ಈಗಿನ ಹುಡುಗರು ಓದುವುದಿಲ್ಲವೆಂಬ ದೂರು ಇತ್ತು, ಅದಕ್ಕೆ ಉಪಾಯ ಹುಡುಕುವವರೂ ಇದ್ದರು. ಆದರೆ ಪತಂಜಲಿ ಮುಂದಿಡುವ ಪ್ರಯೋಜನಗಳು ವೇದದ ರಕ್ಷಣೆ, ಸಂದೇಹ ನಿವಾರಣೆ ಮೊದಲಾದವು. ಅವೆಲ್ಲ ಕಲಿಕೆಯ ಒಳಗಿನಿಂದಲೇ ಹುಟ್ಟುವಂಥವು.

ಫಲಶ್ರುತಿಯ ಸಮಸ್ಯೆಗೆ ಎಲ್ಲಕ್ಕಿಂತ ನೇರವಾದ ಉತ್ತರ ಭಾಗವತದ ಹನ್ನೊಂದನೆಯ ಸ್ಕಂಧದಲ್ಲಿದೆ. ಕೃಷ್ಣ ಉದ್ಧವನಿಗೆ ಹೇಳುವಂತೆ, ಫಲದ ಮಾತು ಪರಮ ಶ್ರೇಯಸ್ಸನ್ನು ತಿಳಿಸುವುದಿಲ್ಲ. ಅದು ರೋಚನೆ, ಎಂದರೆ ರುಚಿ ಹುಟ್ಟಿಸಲು ಹೇಳಿದ್ದು, ಮದ್ದು ಕುಡಿಸಲು ಮಗುವಿಗೆ ಸಿಹಿಯ ಆಸೆ ತೋರಿಸಿದ ಹಾಗೆ. ಬಹುಮಾನದ ಪರವಾಗಿ ಗ್ರಂಥಪಾಲಕರು ಇಂದು ಹೇಳುವುದೂ ಇದನ್ನೇ: ಸ್ಟಿಕರಿಗಾಗಿ ಬಂದ ಮಗು ಕಥೆಗಾಗಿ ಉಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಷಿಕಾಗೋದ ಗ್ರಂಥಪಾಲಕ ವಿಲಿಯಂ ಪೂಲ್ ಅಗ್ಗದ ಕಾದಂಬರಿಗಳನ್ನು ಕಪಾಟಿನಲ್ಲಿಡುವುದನ್ನು ಇದೇ ಬಗೆಯ ವಾದದಿಂದ ಸಮರ್ಥಿಸಿದ್ದರು. ಓದುವ ಅಭ್ಯಾಸ ಮೊದಲು, ಅಭಿರುಚಿ ಆಮೇಲೆ ತಾನಾಗಿ ಏರುತ್ತದೆ ಎಂಬುದು ಅವರ ನಂಬಿಕೆ.

ಆದರೆ ಮದ್ದಿನ ಹೋಲಿಕೆ ನಿಲ್ಲಬೇಕಾದರೆ ಮದ್ದು ಕಹಿಯಾಗಿರಬೇಕು. ಓದು ಕಹಿಯೇ? ಕಹಿಯಲ್ಲದ್ದಕ್ಕೆ ಸಿಹಿ ಬೆರೆಸಿ ಕೊಟ್ಟರೆ, ಅದು ಕಹಿಯಾದದ್ದೆಂದು ಮಗುವಿಗೆ ಮೊದಲೇ ಹೇಳಿಕೊಟ್ಟಂತೆ. ಬಹುಮಾನವೆಂಬುದು ಬರೀ ವಸ್ತುವಲ್ಲ, ಕೆಲಸದ ಸ್ವರೂಪದ ಬಗ್ಗೆ ಹಿರಿಯರು ಹೇಳುವ ಮಾತೂ ಹೌದು. ಆಟಕ್ಕೆ ಯಾರೂ ಕೂಲಿ ಕೊಡುವುದಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಶಿಕ್ಷಣದ ಬಗ್ಗೆ ಬರೆದ ಜಾನ್ ಲಾಕ್, ಸೇಬುಹಣ್ಣು ಮಿಠಾಯಿಗಳ ಆಮಿಷವೊಡ್ಡಿ ಮಕ್ಕಳಿಗೆ ಕಲಿಸುವುದನ್ನು ವಿರೋಧಿಸಿದ್ದಕ್ಕೆ ಒಂದು ಕಾರಣ, ಆ ಆಮಿಷ ಮಗುವಿನ ಬಯಕೆಗಳನ್ನೇ ತಪ್ಪು ದಾರಿಗೆ ತಿದ್ದುತ್ತದೆ ಎಂಬುದು.

ಇದನ್ನು ಪ್ರಯೋಗಕ್ಕೆ ಒಡ್ಡಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು. 1973ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಬಣ್ಣದ ಮಾರ್ಕರುಗಳಿಂದ ಚಿತ್ರ ಬಿಡಿಸಲು ಮೊದಲೇ ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ರಿಬ್ಬನ್ ಅಂಟಿಸಿದ ಪ್ರಶಸ್ತಿಪತ್ರ ಕೊಡುವುದಾಗಿ ಒಂದು ಗುಂಪಿಗೆ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ, ಬರೆದ ಮೇಲೆ ಅದೇ ಪತ್ರ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಕೆಲವು ದಿನಗಳ ಅನಂತರ ಬಿಡುವಿನಲ್ಲಿ ನೋಡಿದಾಗ, ಪ್ರಶಸ್ತಿಯ ನಿರೀಕ್ಷೆಯಿಂದ ಬರೆದಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರದಲ್ಲಿ ತೊಡಗಿದ್ದರು. ಅಚಾನಕವಾಗಿ ಬಹುಮಾನ ಪಡೆದವರ ಆಸಕ್ತಿ ಕುಂದಿರಲಿಲ್ಲ. ಉದ್ದೇಶಿಸಿ ಮಾಡಿದ ಫಲ ಬೇರೆ, ಜೊತೆಯಲ್ಲಿ ತಾನಾಗಿ ಬಂದ ಆನುಷಂಗಿಕ ಫಲ ಬೇರೆ ಎಂದು ಶಾಸ್ತ್ರಕಾರರು ಮಾಡಿದ ವಿಭಾಗ ಇಲ್ಲಿ ಶಿಶುವಿಹಾರದ ಮೇಜಿನ ಮೇಲೆ ಕಾಣಿಸಿಕೊಂಡಿತು. ಈ ತೀರ್ಮಾನದ ಬಗ್ಗೆ ಮನೋವಿಜ್ಞಾನಿಗಳಲ್ಲಿ ದೀರ್ಘ ವಿವಾದ ನಡೆಯಿತು. 1994ರಲ್ಲಿ ಕ್ಯಾಮರನ್ ಮತ್ತು ಪಿಯರ್ಸ್ ಹಾನಿ ಅಷ್ಟೇನೂ ಇಲ್ಲವೆಂದರು. 1999ರಲ್ಲಿ ಡೆಸಿ, ಕೋಸ್ಟ್ನರ್ ಮತ್ತು ರಯಾನ್ 128 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಮುಂಚೆಯೇ ಗೊತ್ತುಪಡಿಸಿದ ವಸ್ತುರೂಪದ ಬಹುಮಾನ ಒಳಗಿನ ಆಸಕ್ತಿಯನ್ನು ಕುಗ್ಗಿಸುತ್ತದೆಂದು ಮತ್ತೆ ಸ್ಥಾಪಿಸಿದರು.

ಇಷ್ಟಾದರೂ ಭಾಗವತದ ಮಾತು ಬಿದ್ದುಹೋಗುವುದಿಲ್ಲ. ಲೆಪ್ಪರ್ ಆರಿಸಿಕೊಂಡದ್ದು ಮೊದಲೇ ಆ ಕೆಲಸ ಇಷ್ಟವಿದ್ದ ಮಕ್ಕಳನ್ನು. ಅಕ್ಷರ ಕೂಡಿಸಲು ತಡವರಿಸುವ, ಪ್ರತಿ ಸಾಲಿನಲ್ಲೂ ಮುಗ್ಗರಿಸುವ ಮಗುವಿಗೆ ಓದು ನಿಜವಾಗಿಯೂ ಕಹಿ. ಅದಕ್ಕೆ ರೋಚನೆ ಬೇಕು. ಪ್ರಯೋಜನ ಕಾಣದೆ ಮಂದಮತಿಯೂ ಕೆಲಸಕ್ಕೆ ತೊಡಗುವುದಿಲ್ಲವೆಂಬ ಕುಮಾರಿಲನ ಮಾತು ಇಂಥ ಕಡೆ ಸಲ್ಲುತ್ತದೆ. ಒಂದೇ ಪದಕ ಒಬ್ಬನಿಗೆ ಮೆಟ್ಟಿಲು, ಇನ್ನೊಬ್ಬನಿಗೆ ಎಡರು. ಬಹುಮಾನ ಒಳ್ಳೆಯದೋ ಕೆಟ್ಟದೋ ಎಂಬ ಪ್ರಶ್ನೆಗೆ ಎಲ್ಲರಿಗೂ ಒಂದೇ ಉತ್ತರ ಹುಡುಕಿದ್ದೇ ಈ ವಿವಾದ ಇಷ್ಟು ಬೆಳೆಯಲು ಕಾರಣವಿರಬೇಕು.

ಬಹುಮಾನ ಯಾವುದೆಂಬುದೂ ಮುಖ್ಯ. 1984ರ ಸುಮಾರಿಗೆ ಅಮೆರಿಕದ ಪಿಜ್ಜಾ ಹಟ್ ಕಂಪನಿ ಶಾಲಾಮಕ್ಕಳ ಓದಿಗೆ ಪಿಜ್ಜಾ ಕೊಡುವ ಯೋಜನೆ ಆರಂಭಿಸಿತು. ಪಿಜ್ಜಾಕ್ಕೂ ಓದಿಗೂ ಒಳಸಂಬಂಧವಿಲ್ಲ. ಮೀಮಾಂಸೆಯ ಸ್ವರ್ಗದಂತೆ ಅದು ಹೊರಗಿನಿಂದ ತಂದು ಅಂಟಿಸಿದ್ದು. ಬಾರ್ಬರಾ ಮಾರಿನಾಕ್ ಮತ್ತು ಲಿಂಡಾ ಗ್ಯಾಂಬ್ರೆಲ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೆಯ ತರಗತಿಯ ಮಕ್ಕಳಿಗೆ ಓದಿಗೆ ಬಹುಮಾನವಾಗಿ ಕೆಲವರಿಗೆ ಪುಸ್ತಕ, ಕೆಲವರಿಗೆ ಆಟದ ಸಾಮಾನು ಕೊಟ್ಟು ನೋಡಿದರು. ಪುಸ್ತಕ ಪಡೆದವರ ಓದುವ ಆಸಕ್ತಿ ಏನೂ ಪಡೆಯದವರಷ್ಟೇ ಉಳಿಯಿತು. ಆಟದ ಸಾಮಾನು ಪಡೆದವರದು ಇಳಿಯಿತು. ಫಲ ಕರ್ಮಕ್ಕೆ ಹತ್ತಿರವಾದಷ್ಟೂ ಕೇಡು ಕಡಿಮೆ. ದೃಷ್ಟಫಲವನ್ನೇ ಹಿಡಿಯಬೇಕೆಂಬ ಮೀಮಾಂಸಕರ ನ್ಯಾಯ ಗ್ರಂಥಾಲಯಕ್ಕೂ ಸಾಕಷ್ಟು ಒಳ್ಳೆಯ ನಿಯಮವೇ ಆಗಿದೆ.

ಎರಡನೆಯ ಪ್ರಶ್ನೆ ಅಧಿಕಾರದ್ದು. ವೇದಾಂತಗ್ರಂಥಗಳು ಆರಂಭದಲ್ಲಿ ನಾಲ್ಕು ಅನುಬಂಧಗಳನ್ನು ಹೇಳುತ್ತವೆ: ವಿಷಯ, ಪ್ರಯೋಜನ, ಸಂಬಂಧ ಮತ್ತು ಅಧಿಕಾರಿ, ಎಂದರೆ ಈ ಗ್ರಂಥವನ್ನು ಓದಲು ಅರ್ಹನಾದವನು. ಪ್ರತಿ ಪುಸ್ತಕಕ್ಕೂ ತಕ್ಕ ಓದುಗನಿದ್ದಾನೆಂಬ ಒಳ್ಳೆಯ ಗ್ರಹಿಕೆ ಇದರಲ್ಲಿದೆ. ಅನರ್ಹನನ್ನು ಹೊರಗಿಡುವ ಹತ್ಯಾರವೂ ಇದೇ. ಬ್ರಹ್ಮಸೂತ್ರದ ಅಪಶೂದ್ರಾಧಿಕರಣ ಶೂದ್ರರಿಗೆ ವೇದಪೂರ್ವಕವಾದ ವಿದ್ಯೆಯಲ್ಲಿ ಅಧಿಕಾರವನ್ನು ನಿರಾಕರಿಸುತ್ತದೆ. ಇತಿಹಾಸ ಪುರಾಣಗಳನ್ನು ನಾಲ್ಕು ವರ್ಣದವರೂ ಕೇಳಬಹುದೆಂದು ಶಂಕರಭಾಷ್ಯ ಒಪ್ಪುತ್ತದೆ. ಹುಟ್ಟನ್ನು ನೋಡಿ ಓದುಗನನ್ನು ತಡೆಯುವ ಕೆಲಸ ಭಾರತದಲ್ಲಷ್ಟೇ ನಡೆದದ್ದಲ್ಲ. ಬೇಸಿಗೆ ಓದಿನ ತವರಾದ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಲವು ಸಾರ್ವಜನಿಕ ಗ್ರಂಥಾಲಯಗಳು ಕಪ್ಪು ಜನರಿಗೆ ಮುಚ್ಚಿದ್ದವು. ಮಿಸಿಸಿಪ್ಪಿಯ ಜಾಕ್ಸನ್ ನಗರದಲ್ಲಿ 1961ರ ಮಾರ್ಚ್ 27ರಂದು ಟೌಗಲೂ ಕಾಲೇಜಿನ ಒಂಬತ್ತು ವಿದ್ಯಾರ್ಥಿಗಳು ಬಿಳಿಯರ ಗ್ರಂಥಾಲಯದೊಳಗೆ ಹೋಗಿ ಓದಲು ಕುಳಿತದ್ದಕ್ಕೆ ಬಂಧಿತರಾದರು.

ಸಾರ್ವಜನಿಕ ಗ್ರಂಥಾಲಯದ ತತ್ತ್ವ ಅಧಿಕಾರಿಯ ಪರೀಕ್ಷೆಯನ್ನೇ ಕೈಬಿಡುತ್ತದೆ. ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳಲ್ಲಿ ಎರಡನೆಯದರ ತಾತ್ಪರ್ಯ, ಪ್ರತಿ ಓದುಗನಿಗೂ ಅವನ ಪುಸ್ತಕ ದೊರೆಯಬೇಕೆಂಬುದು. ಮೂರನೆಯದರದು, ಪ್ರತಿ ಪುಸ್ತಕಕ್ಕೂ ಅದರ ಓದುಗ ದೊರೆಯಬೇಕೆಂಬುದು. ತಮಿಳುನಾಡಿನಲ್ಲಿ ಹುಟ್ಟಿದ ರಂಗನಾಥನ್ 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿ, 1972ರಲ್ಲಿ ಇಲ್ಲಿಯೇ ತೀರಿಕೊಂಡರು. ಅವರ ಸೂತ್ರಗಳಲ್ಲಿ ಅಧಿಕಾರಿ ಉಳಿದಿದ್ದಾನೆ, ಆದರೆ ಬಾಗಿಲಲ್ಲಿ ನಿಂತು ಪ್ರಶ್ನಿಸುವವನು ಇಲ್ಲ. ಯಾವುದು ತನ್ನದೆಂಬುದನ್ನು ಓದುಗನೇ ಕಂಡುಕೊಳ್ಳಬೇಕು. ಗ್ರಂಥಪಾಲಕ ಹುಡುಕಲು ಜೊತೆಗಿರುತ್ತಾನೆ.

ಹಾಗಿದ್ದರೆ ಶಿಫಾರಸಿನ ಪಟ್ಟಿಗೆ ಯಾವ ಸ್ಥಾನ? ರೂಸೋ ತನ್ನ ಎಮಿಲ್ ಎಂಬ ಕೃತಿಯಲ್ಲಿ ಹುಡುಗನಿಗೆ ಬಹುಕಾಲ ಒಂದೇ ಒಂದು ಪುಸ್ತಕ ಸಾಕೆಂದು ರಾಬಿನ್ಸನ್ ಕ್ರೂಸೋವನ್ನು ಕೊಡಿಸುತ್ತಾನೆ. ಅದೂ ಒಂದು ಪಟ್ಟಿಯೇ. ಪ್ಲೇಟೋ ರಿಪಬ್ಲಿಕ್‌ನಲ್ಲಿ ದಾದಿಯರು ಮಕ್ಕಳಿಗೆ ಹೇಳುವ ಕಥೆಗಳನ್ನೂ ಸೋಸಬೇಕೆಂದ. ಶಿಫಾರಸು ಮತ್ತು ನಿರ್ಬಂಧದ ನಡುವಿನ ಗೆರೆ ಬಹಳ ತೆಳು: ಪಟ್ಟಿಯಲ್ಲಿದ್ದ ಪುಸ್ತಕ ಓದಿದರೆ ಮಾತ್ರ ಲೆಕ್ಕಕ್ಕೆ ಬರುತ್ತದೆಂದ ಕ್ಷಣದಲ್ಲಿ ಶಿಫಾರಸು ಆಜ್ಞೆಯಾಗುತ್ತದೆ. ಬ್ರಿಟನ್ನಿನ ಸವಾಲಿನಲ್ಲಿ ಮಗು ಯಾವ ಪುಸ್ತಕವನ್ನಾದರೂ ಆರಿಸಬಹುದೆಂಬ ನಿಯಮ ಅದರಿಂದಲೇ ಮಹತ್ವದ್ದು. ಕಾಮಿಕ್ಸ್, ನಗೆಹನಿ, ಧ್ವನಿಪುಸ್ತಕ ಎಲ್ಲವೂ ಸಲ್ಲುತ್ತವೆ. ಫ್ಲಾರಿಡಾದಲ್ಲಿ ರಿಚರ್ಡ್ ಆಲಿಂಗ್ಟನ್ ಮತ್ತು ಸಹೋದ್ಯೋಗಿಗಳು ಬಡ ಮಕ್ಕಳೇ ಹೆಚ್ಚಾಗಿರುವ ಶಾಲೆಗಳಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಪುಷ್ಟೀಕರಿಸುತ್ತದೆ. ಮೂರು ಬೇಸಿಗೆಗಳಲ್ಲಿ ಪ್ರತಿ ಬಾರಿಯೂ ತಾವೇ ಆರಿಸಿದ 12 ಪುಸ್ತಕಗಳನ್ನು ಮಕ್ಕಳು ಸ್ವಂತಕ್ಕೆ ಪಡೆದರು. ಅವರ ಓದಿನ ಮಟ್ಟ ಪುಸ್ತಕ ಪಡೆಯದವರಿಗಿಂತ ಏರಿತು, ಅತಿ ಬಡ ಮಕ್ಕಳಲ್ಲಿ ಇನ್ನೂ ಹೆಚ್ಚು. ಅವರು ಆರಿಸಿದ್ದು ಹೆಚ್ಚಾಗಿ ಸಿನಿಮಾ ತಾರೆಯರ, ಗಾಯಕರ, ಟೀವಿ ಪಾತ್ರಗಳ ಪುಸ್ತಕಗಳು. ಯಾವ ಶಿಫಾರಸಿನ ಪಟ್ಟಿಯಲ್ಲೂ ಅವು ಮೊದಲ ಸಾಲಿಗೆ ಬರುವುದಿಲ್ಲ.

ವರ್ಷದ ವಿಷಯವನ್ನು ಹಿಡಿದು ಪುಸ್ತಕ ಜೋಡಿಸುವುದು ಆಜ್ಞೆಯಾಗುವ ಪಟ್ಟಿಗಿಂತ ಮೃದುವಾದ ಶಿಫಾರಸು, ತಾತ್ತ್ವಿಕವಾಗಿ ಹೆಚ್ಚು ಕುತೂಹಲಕರವೂ ಹೌದು. ಹಲವು ಗ್ರಂಥಗಳು ಒಂದೇ ವಸ್ತುವನ್ನು ಹೇಳುತ್ತವೆಯೇ ಎಂಬುದು ವೇದಾಂತದಲ್ಲಿ ಸಮನ್ವಯದ ಪ್ರಶ್ನೆ. ಉಪನಿಷತ್ತುಗಳ ಬಗೆಬಗೆಯ ಮಾತುಗಳಿಗೆ ಬ್ರಹ್ಮವೊಂದರಲ್ಲಿಯೇ ತಾತ್ಪರ್ಯವೆಂದು ಸೂತ್ರಕಾರರು ಸಾಧಿಸುತ್ತಾರೆ. ಗ್ರಂಥಾಲಯದ ವಿಷಯಪಟ್ಟಿ ಅಂಥ ಐಕ್ಯವನ್ನು ಸಾಧಿಸುವುದಿಲ್ಲ, ಸಾಧಿಸಲೂ ಬಾರದು. ಸಮುದ್ರವೆಂಬ ಶೀರ್ಷಿಕೆಯ ಕೆಳಗೆ ತಿಮಿಂಗಿಲದ ಶರೀರಶಾಸ್ತ್ರ, ಕಡಲ್ಗಳ್ಳರ ಕಥೆ, ಗುಲಾಮರ ಹಡಗಿನ ಚರಿತ್ರೆ, ಮೀನುಗಾರರ ಅಡುಗೆ ಒಟ್ಟಿಗೆ ಕೂರುತ್ತವೆ; ಒಂದೊಂದರ ಸಮುದ್ರವೂ ಬೇರೆ. ಕಪಾಟಿನಲ್ಲಿ ಪುಸ್ತಕಕ್ಕೆ ಒಂದೇ ಜಾಗ. ಒಂದು ಗ್ರಂಥಕ್ಕೆ ಹಲವು ಮುಖಗಳಿರುತ್ತವೆಂದು ಕಂಡ ರಂಗನಾಥನ್ ಆ ಮುಖಗಳನ್ನೆಲ್ಲ ಸೂಚಿಸಬಲ್ಲ ಕೋಲನ್ ವರ್ಗೀಕರಣವನ್ನು 1933ರಲ್ಲಿ ಹೊರತಂದರು. ಆದರೂ ವಸ್ತುರೂಪದ ಪುಸ್ತಕ ಒಂದು ಕಡೆಯೇ ನಿಲ್ಲಬೇಕಾಯಿತು. ಬೇಸಿಗೆಯ ಪ್ರದರ್ಶನಮೇಜು ಅದಕ್ಕೆ ಎರಡು ತಿಂಗಳ ಮಟ್ಟಿಗೆ ಎರಡನೆಯ ಜಾಗ ಕೊಡುತ್ತದೆ, ಎಂದೂ ಭೇಟಿಯಾಗದ ನೆರೆಯವರನ್ನು ಪಕ್ಕಕ್ಕೆ ಕೂರಿಸುತ್ತದೆ. ವಿಷಯ ಭಿತ್ತಿಚಿತ್ರಕ್ಕೆ ಮಾತ್ರ ಬಳಕೆಯಾಗಿ ಪಟ್ಟಿಯಲ್ಲಿ ಮೀನಿನ ಚಿತ್ರವಿರುವ ಪುಸ್ತಕಗಳನ್ನು ತುಂಬಿದರೆ ಈ ಲಾಭವೂ ಇಲ್ಲ. ಅಂಥ ಪಟ್ಟಿಗಳು ಅಪರೂಪವೇನಲ್ಲ.

ಕರ್ನಾಟಕದಲ್ಲಿ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಸಾರ್ವಜನಿಕ ಗ್ರಂಥಾಲಯಗಳಿಗೆ 1965ರ ಕಾಯಿದೆಯ ಆಧಾರವಿದೆ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2020ರಲ್ಲಿ ಆರಂಭವಾದ ‘ಓದುವ ಬೆಳಕು’ ಅಭಿಯಾನದಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಚಿನ ವರ್ಷಗಳಲ್ಲಿ ಅವುಗಳಲ್ಲಿ ಬೇಸಿಗೆ ಶಿಬಿರಗಳೂ ನಡೆಯುತ್ತಿವೆ. ಇಲ್ಲಿ ಬಹುಮಾನಕ್ಕಿರುವ ರೂಢಿಯ ರೂಪ ಸ್ಪರ್ಧೆ: ಗಟ್ಟಿ ಓದು, ಕಥೆ ಹೇಳುವುದು, ಪ್ರಬಂಧ. ಸ್ಪರ್ಧೆಯ ಪದಕ ಮೊದಲೇ ಚೆನ್ನಾಗಿ ಓದಬಲ್ಲ ಮಗುವಿಗೇ ಹೋಗುತ್ತದೆ, ಎಂದರೆ ರೋಚನೆ ಬೇಡದವರಿಗೆ. ತಡವರಿಸುವ ಮಗು ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತದೆ. ಪದಕಗಳಿಗೆ ಹಾಕುವ ಹಣದಲ್ಲಿ ಶಿಬಿರಕ್ಕೆ ಬಂದ ಎಲ್ಲರಿಗೂ ತಾವೇ ಆರಿಸಿದ ಒಂದೊಂದು ಪುಸ್ತಕ ಕೊಡಬಹುದು. ಅದಕ್ಕೆ ಆರಿಸುವಷ್ಟು ಮಕ್ಕಳ ಪುಸ್ತಕಗಳು ಆ ಕಪಾಟಿನಲ್ಲಿರಬೇಕಾಗುತ್ತದೆ, ಕನ್ನಡದಲ್ಲಿ.